ಹಳೇ ಕಾಲದ ಶೋ ಜಂಪಿಂಗ್ ತೋರಿಸ್ಬೇಕಾಗ್ಯದ: ಫಾಲ್ಟ್, ಸವಾರಿ, ಎರಿ ನೆಲ

ಕಲಬುರಗಿ_ಕುದುರಿ: ಚಳಿಗಾಲದಾಗ ಇಲ್ಲೊಂದು ಕಾಲೇಜು ಮೈದಾನದಾಗ 1900ರಿಂದ 1912ರ ತನಕದ ಜಂಪಿಂಗ್ (ಕುದುರಿ ಮ್ಯಾಲ ಕೂತು ಅಡ್ಡಗೋಲು ಹಾರಿಸೋ ಆಟ) ಹ್ಯಾಂಗಿತ್ತು ಅಂತ ತೋರಿಸೋದದ. ಆರು ಜಂಪ್, ಎತ್ತರ 80 ಸೆಂ.ಮೀ. ಆಗ ಫಾಲ್ಟ್, ಅಂದ್ರ ತಪ್ಪಿನ ಅಂಕ, ಹ್ಯಾಂಗ ಎಣಿಸ್ತಿದ್ರು? ಆಗಿನ ಫೋಟೋದಾಗಿನ ಸವಾರರಂಗ ಹಿಂದಕ್ಕ ವಾಲಿ ಹಾರಿಸಬಹುದೇನ್ರಿ? ನೆಲ ಪೂರ್ತಿ ಎರಿ (ಕಪ್ಪು ಮಣ್ಣು).

ಬೀದರ್_ಲಗಾಮು: ಎಲ್ಲಾ ದೇಶಕ್ಕೂ ಒಂದೇ ನಿಯಮ ಆಗ ಇದ್ದಿಲ್ರಿ. ಕುದುರಿ ಸವಾರಿ ಆಟದ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಇಐ ಹುಟ್ಟಿದ್ದೇ 1921ರಾಗ. 1900ರ ಪ್ಯಾರಿಸ್ ಒಲಿಂಪಿಕ್ಸ್‌ದಾಗ ಎತ್ತರ ಜಿಗಿತ, ಉದ್ದ ಜಿಗಿತ ಬ್ಯಾರೆ ಬ್ಯಾರೆ ಸ್ಪರ್ಧೆ. ಎತ್ತರದಾಗ ಫ್ರಾನ್ಸಿನ ಗಾರ್ದೇರ್, ಇಟಲಿಯ ಟ್ರಿಸ್ಸಿನೊ ಇಬ್ಬರೂ 1.85 ಮೀಟರ್ ಹಾರಿ ಸಮ ಆದ್ರು. ಉದ್ದದಾಗ ಬೆಲ್ಜಿಯಂನ ಎಕ್ಸ್‌ಟ್ರಾ ಡ್ರೈ ಅನ್ನೋ ಕುದುರಿ 6.10 ಮೀಟರ್.

ಮಂದಿಗೆ ತೋರಿಸಲಿಕ್ಕ ಇಂಗ್ಲೆಂಡಿನ ಹಳೇ ಪದ್ಧತಿ ಚಲೋ. ಮುಂಗಾಲಿಂದ ಜಂಪ್ ಕೆಡವಿದ್ರ 4 ಫಾಲ್ಟ್, ಹಿಂಗಾಲಿಂದ 2. ಮ್ಯಾಲಿನ ಕೋಲಿನ ಮ್ಯಾಲ ತೆಳು ಕಟ್ಟಿಗಿ ಪಟ್ಟಿ ಸುಮ್ನ ಇಟ್ಟಿರ್ತಿದ್ರು, ಅದು ಬಿದ್ರ ಅರ್ಧ. ಪಟ್ಟಿಗೆ ಮೊಳೆ, ದಾರ ಏನೂ ಬ್ಯಾಡ. ಗಾಳಿಗೂ ಬೀಳ್ತದ, ಅದಕ್ಕ ಬೆಳಿಗ್ಗೆನೇ ಮುಗಿಸ್ರಿ, ಪ್ರತಿ ಸವಾರನ ಮುಂಚೆ ಒಬ್ಬರು ನೋಡಿ ಬರ್ಲಿ. ಯಾವ ಕಾಲು ತಾಕ್ತು ಅಂತ ಕಾಣ್ಬೇಕಂದ್ರ ತೀರ್ಪುಗಾರ ಜಂಪಿನ ಪಕ್ಕದಾಗೇ ನಿಂದರ್ಬೇಕು. ಎದುರಿಗೆ ನಿಂತ್ರ ಹಿಂಗಾಲು ಕಾಣಂಗಿಲ್ಲ, ಜಗಳ ಅಲ್ಲೇ ಶುರು.

ರಿಕಾಪು: ವಾಲಿ ಹಾರಿಸೋದು ಬೇಡವೇ ಬೇಡ. ಕುದುರೆ ನೆಲಕ್ಕಿಳಿಯುವಾಗ ಮುಂಗಾಲಿಗೆ ಭಾರ ಕಡಿಮೆಯಾಗಲಿ ಎಂದು ಆಗಿನವರು ಹಾಗೆ ಕೂರುತ್ತಿದ್ದರು. ಆಗುತ್ತಿದ್ದದ್ದು ಬೇರೆ: ಸವಾರನ ಭಾರವೆಲ್ಲ ಕುದುರೆಯ ಸೊಂಟದ ಮೇಲೆ ಕೂತು ಬೆನ್ನು ಬಾಗದೆ ಹಿಂಗಾಲು ತಾಕುತ್ತದೆ, ಲಗಾಮು ಜಗ್ಗಿ ಬಾಯಿಗೆ ಪೆಟ್ಟು ಬೀಳುತ್ತದೆ. ಎರಡು ಸಲ ಹಾಗಾದ ಕುದುರೆ ಮೂರನೇ ಸಲ ಜಂಪಿನ ಮುಂದೆ ನಿಂತುಬಿಡುತ್ತದೆ. ಬೇಕಿದ್ದರೆ ನಿಂತ ಕುದುರೆಯ ಮೇಲೆ ಆ ಭಂಗಿ ತೋರಿಸಿ. ಹಾರುವುದೆಲ್ಲ ಇಟಲಿಯ ಸೇನಾಧಿಕಾರಿ ಫೆದೆರಿಕೊ ಕಾಪ್ರಿಲ್ಲಿ ಕಲಿಸಿದಂತೆ ಇರಲಿ: ರಿಕಾಪು (ಸವಾರ ಪಾದ ಇಡುವ ಕೊಂಡಿ) ಗಿಡ್ಡ, ಹಿಮ್ಮಡಿ ಕೆಳಗೆ, ಆಸನ ಜೀನಿನಿಂದ ತುಸು ಮೇಲೆ, ಕೈ ಕುದುರೆಯ ಬಾಯಿಯನ್ನು ಹಿಂಬಾಲಿಸಿ ಮುಂದಕ್ಕೆ. 1902ರಲ್ಲಿ ಟುರಿನ್‌ನಲ್ಲಿ ಅವರು 2.08 ಮೀಟರ್ ಹಾರಿಸಿದ್ದರು. ನಿಮ್ಮ ಕಾಲಘಟ್ಟದೊಳಗೇ ಬರುತ್ತದೆ, ಇತಿಹಾಸಕ್ಕೂ ಅಪಚಾರವಿಲ್ಲ.

ಯಾದಗಿರಿ_ಜೀನು: ನೆಲದ ಮಾತು. ಒಣಗಿದ ಎರಿ ಬಿರಿತದ, ಬಿರುಕಿನಾಗ ಗೊರಸು ಸಿಕ್ಕ್ರ ಕಾಲು ಉಳುಕ್ತದ. ಹಸಿ ಆದ್ರ ಜಾರ್ತದ, ಮ್ಯಾಲ ಗೊರಸಿಗೆ ಮೆತ್ತಿಕೊಂತದ. ಹಿಂದಿನ ದಿನ ಮಳಿ ಬಂದ್ರ ಕಾರ್ಯಕ್ರಮ ಮುಂದ ಹಾಕ್ರಿ. ಇಲ್ಲಂದ್ರ ಬಿರುಕು ತುಂಬಿ, ಸಮ ಮಾಡಿ, ಜಿಗಿಯೋ ಕಡಿ, ಇಳಿಯೋ ಕಡಿ ಎರಡೂ ಮರಳು ಹಾಕ್ರಿ. ದಪ್ಪ ಹಾಕಿದ್ರ ಸ್ನಾಯುಗೆ ತ್ರಾಸ. ಬೀದರ್ ಕಡಿ ಕೆಂಪು ಮಣ್ಣಿನಾಗ ನೀರು ಲಗೂ ಇಂಗ್ತದ, ಅಲ್ಲಿ ಜಾಗ ಸಿಕ್ಕ್ರ ಇನ್ನೂ ಚಲೋ.

ಎರಡು ಜಂಪ್ ಜೋಡಿ ಇಟ್ರ ಲೆಕ್ಕ ತಪ್ಪಬ್ಯಾಡ್ರಿ. ದೊಡ್ಡ ಕುದುರಿಗೆ ಇಳಿಲಿಕ್ಕ 1.8 ಮೀ., ನಡುವ ಕ್ಯಾಂಟರ್‌ನ (ಮಧ್ಯಮ ಓಟದ) ಒಂದು ಹೆಜ್ಜಿ 3.6, ಜಿಗಿಲಿಕ್ಕ 1.8, ಒಟ್ಟು 7.2. ಸಣ್ಣ ಕುದುರಿಗೆ, ಗಿಡ್ಡ ಜಂಪಿಗೆ ಇದು ಕಮ್ಮಿ ಆಗ್ಬೇಕು, ಹಾರಿಸಿ ನೋಡೇ ಗೂಟ ಹೊಡೀರಿ.

ಕಲಬುರಗಿ_ಕುದುರಿ: ಜೋಡಿ ಜಂಪ್ ಕೈಬಿಟ್ವಿ. ಕುದುರಿಗೆ ದೂರ ತಿಳೀಲಂತ ನೆಲದ ಮ್ಯಾಲಿಡೋ ನೆಲಗುರುತಿನ ಕೋಲು ಎಲ್ಲಿಡೋದು?

ರಿಕಾಪು: ಜಂಪಿನ ಬುಡದಲ್ಲಿ, ಕುದುರೆ ಬರುವ ಬದಿಗೆ. ಆಚೆ ಬದಿಗೆ ಇಟ್ಟರೆ ಕುದುರೆ ದೂರ ತಪ್ಪಾಗಿ ಅಳೆದು ತೀರಾ ಹತ್ತಿರ ಬಂದು ಜಿಗಿಯುತ್ತದೆ, ಮುಂಗಾಲು ಕೋಲಿಗೆ ಬಡಿಯುತ್ತದೆ.