ಆರ್ಡರ್, ಬಿಲ್, ಮೆಸೇಜ್ ತಾನಾಗೇ ಹೋಗುವ ಹಾಗೆ ಮಾಡಿಕೊಂಡವರು ಅನುಭವ ಹೇಳಿ

ಸಾಗರದ ಪ್ರೆಸ್:
ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಸೀಸನ್ನಲ್ಲಿ ದಿನಕ್ಕೆ 20 ಆರ್ಡರ್ ಬರುತ್ತೆ. ಗೂಗಲ್ ಫಾರ್ಮ್ ತುಂಬಿದ ಕೂಡಲೇ ಶೀಟಿಗೆ ಹೋಗಿ, ಬಿಲ್ ಪಿಡಿಎಫ್ ಆಗಿ, ಪ್ರೂಫ್ ನೋಡಿ ಅಂತ ಗಿರಾಕಿಗೆ ಮೇಲ್ ಹೋಗಬೇಕು. ಕೋಡಿಂಗ್ ಬರಲ್ಲ. ತಿಂಗಳಿಗೆ 1,000 ರೂಪಾಯಿ ಒಳಗಿರಬೇಕು. ಇಂಥ ಕೆಲಸಗಳನ್ನು ಒಂದಕ್ಕೊಂದು ಜೋಡಿಸಿ ತಾನಾಗೇ ಓಡಿಸೋ ಟೂಲ್ ಯಾವುದು ಅಂದರೆ ಝೇಪಿಯರ್, ಮೇಕ್, ಎನ್‌ಎಯ್ಟ್‌ಎನ್ (n8n) ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಯಾವುದರಿಂದ ಶುರು ಮಾಡಲಿ?

ಹುಬ್ಬಳ್ಳಿ ಹಾರ್ಡ್‌ವೇರ್:
ಸರ, ಮೊದಲು ಟಾಸ್ಕ್ ಎಣಿಸೋದು ಕಲೀರಿ. ಟೂಲ್ ತಾನಾಗೇ ಮಾಡೋ ಒಂದೊಂದು ಹೆಜ್ಜಿಗೂ ಒಂದು ಟಾಸ್ಕ್ ಅಂತ ಲೆಕ್ಕ. ನಾ ಕಲೀದ ರೊಕ್ಕ ಕಳಕೊಂಡೆ. ಒಂದು ಸರ್ವೀಸಿನ್ಯಾಗ ತಿಂಗಳಿಗೆ 750 ಟಾಸ್ಕಿನ ಪ್ಲಾನ್ ಹಿಡದಿದ್ದೆ. ಒಂದು ಆರ್ಡರಿನ್ಯಾಗ 12 ಐಟಂ ಇದ್ರ ಸ್ಟಾಕ್ ಶೀಟಿಗೆ 12 ಸಲ ಬರೀತಿತ್ತು. ಬಿಲ್ ಒಂದು, ಮೇಲ್ ಒಂದು, ಒಟ್ಟು 14 ಟಾಸ್ಕ್. 53 ಆರ್ಡರಿಗೆ ಪ್ಲಾನ್ ಖಾಲಿ! 9ನೇ ತಾರೀಕಿಗೆ ಎಲ್ಲಾ ನಿಂತು, ಮೂರು ದಿನ ಆರ್ಡರ್ ಬಿದ್ದದ್ದೇ ಗೊತ್ತಾಗಲಿಲ್ಲ. ಒಬ್ಬ ಕಾಂಟ್ರಾಕ್ಟರ್ ಬ್ಯಾರೆ ಅಂಗಡಿಗೆ ಹೋದ, ಇವತ್ತಿಗೂ ತಿರುಗಿ ಬಂದಿಲ್ಲ. ಮ್ಯಾಲ ಡಾಲರ್ ಬಿಲ್ಲು, ಬ್ಯಾಂಕಿನವರದು 3.5%, ಅದಕ್ಕ ಜಿಎಸ್‌ಟಿ, ರಿವರ್ಸ್ ಚಾರ್ಜ್ (ವಿದೇಶಿ ಸರ್ವೀಸಿಗೆ ನಾವೇ ಕಟ್ಟೋ ಜಿಎಸ್‌ಟಿ) 18% ಬ್ಯಾರೆ. ಈಗ 12 ಐಟಂ ಒಂದೇ ಸೆಲ್ಲಿನ್ಯಾಗ ಕೂಡಿಸಿ ಒಂದೇ ಸಲ ಬರಸ್ತೀನಿ. ಮೂರೇ ಟಾಸ್ಕಿನ್ಯಾಗ ಮುಗೀತದ.

ಮೂಡಿಗೆರೆ ಹೋಮ್‌ಸ್ಟೇ:
ಟಾಸ್ಕಿಗೆ ದುಡ್ಡು ಯಾಕೆ ಕೊಡಬೇಕು? ನಾನು ಎನ್‌ಎಯ್ಟ್‌ಎನ್ ನನ್ನದೇ ಸರ್ವರಲ್ಲಿ ಹಾಕಿದ್ದೀನಿ, ತಿಂಗಳಿಗೆ 450 ರೂಪಾಯಿ. ಎಷ್ಟು ಸಲ ಓಡಿದರೂ ಅಷ್ಟೇ. ಕಷ್ಟಪಟ್ಟಿದ್ದು ನಿಜ. ಟೈಮ್‌ಝೋನ್ ಹಾಕೋದು ಮರೆತು ಅದು ನ್ಯೂಯಾರ್ಕ್ ಗಂಟೆ ಹಿಡಿದಿತ್ತು. ಬೆಳಗ್ಗೆ 9ಕ್ಕೆ ಹೋಗಬೇಕಾದ ಚೆಕ್-ಇನ್ ಮೆಸೇಜ್ ಸಂಜೆ 6.30ಕ್ಕೆ ಹೋಗ್ತಿತ್ತು, ಗೆಸ್ಟ್ ಆಗಲೇ ರೂಮಲ್ಲಿ ಕೂತಿರೋರು. ಗೂಗಲ್ ಲಾಗಿನ್ನನ್ನು 'ಟೆಸ್ಟಿಂಗ್' ಸ್ಥಿತಿಯಲ್ಲೇ ಬಿಟ್ಟಿದ್ದೆ, ಏಳೇಳು ದಿನಕ್ಕೆ ಟೋಕನ್, ಅಂದರೆ ಲಾಗಿನ್ ಅನುಮತಿ, ಸಾಯ್ತಿತ್ತು. ಕೊನೆಗೆ ಅಪ್‌ಡೇಟ್ ಮಾಡೋವಾಗ ಹಳೇ ಕಂಟೇನರ್ (ಸಾಫ್ಟ್‌ವೇರ್ ಇಟ್ಟು ಓಡಿಸೋ ಡಬ್ಬಿ ಥರ) ಅಳಿಸಿದೆ. ಜೋಡಿಸಿಟ್ಟ ವರ್ಕ್‌ಫ್ಲೋ ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ ಹಾಗೇ ಇತ್ತು, ಉಳಿಸಿದ ಲಾಗಿನ್‌ಗಳನ್ನು ತೆರೆಯೋ ಎನ್‌ಕ್ರಿಪ್ಶನ್ ಕೀ ಮಾತ್ರ ಕಂಟೇನರ್ ಜೊತೆ ಹೋಯ್ತು. 11 ಲಾಗಿನ್ ಮತ್ತೆ ಕೊಡೋ ಹೊತ್ತಿಗೆ ರಾತ್ರಿ 3 ಗಂಟೆ. ಹೊಸ ಕೀಯನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟಿದ್ದೀನಿ.

ಹುಬ್ಬಳ್ಳಿ ಹಾರ್ಡ್‌ವೇರ್:
ಕೋಡಿಂಗ್ ಬರಂಗಿಲ್ಲ ಅಂತ ಅವರು ಚಂದಾಗಿ ಬರದಾರ. ಅವರಿಗೆ ಕಂಟೇನರ್, ಪೋಸ್ಟ್‌ಗ್ರೆಸ್ ಅಂತೀರಲ್ರಿ. ನಿಮ್ಮ ರಾತ್ರಿ 3 ಗಂಟೀಗೆ ರೇಟ್ ಹಾಕ್ರಿ, 450 ಎಲ್ಲಿ ಉಳೀತದ?

ಮೂಡಿಗೆರೆ ಹೋಮ್‌ಸ್ಟೇ:
ನನಗೂ ಬರ್ತಿರಲಿಲ್ಲ, ಕಲಿತೆ. ಮೂರು ದಿನ ಆರ್ಡರ್ ನಿಂತಿದ್ದು ಗೊತ್ತಾಗದವರು ನನಗೆ ರೇಟ್ ಹೇಳೋದು ಬೇಡ.

ಮೈಸೂರು ಟ್ಯಾಕ್ಸ್:
ಇಬ್ಬರೂ ಸ್ವಲ್ಪ ತಡೀರಿ. ನಾನು ಗೂಗಲ್ ಶೀಟಿನ ಜೊತೆಗೇ ಬರೋ ಆಪ್ಸ್ ಸ್ಕ್ರಿಪ್ಟಲ್ಲೇ (ಸಣ್ಣ ಕೋಡ್ ಬರೆಯೋ ಜಾಗ) ಮಾಡ್ಕೊಂಡೆ, ದುಡ್ಡು ಕೊಟ್ಟಿಲ್ಲ. 340 ಕ್ಲೈಂಟ್‌ಗೆ ರಿಟರ್ನ್ ನೆನಪಿಸೋ ಮೇಲ್. ಫ್ರೀ ಜಿಮೇಲಿಗೆ ಸ್ಕ್ರಿಪ್ಟಿಂದ ದಿನಕ್ಕೆ 100 ಜನರ ಮಿತಿ ಅಂತ ನಾನು ಓದಿಕೊಂಡಿರಲಿಲ್ಲ, ಅಲ್ಲಿಗೇ ನಿಲ್ತು. ಮಾರನೇ ದಿನ ಮತ್ತೆ ಮೊದಲಿಂದ ಓಡಿಸಿದೆ, ಅದೇ 100 ಜನಕ್ಕೆ ಎರಡನೇ ಸಲ ಹೋಯ್ತು. "ಮೇಡಂ, ನಿನ್ನೇನೇ ಕಟ್ಟಿದ್ದೀನಲ್ಲ, ಮತ್ತೆ ನೋಟಿಸಾ?" ಅಂತ ಒಬ್ಬ ವಯಸ್ಸಾದವರು ಗಾಬರಿಯಿಂದ ಆಫೀಸಿಗೇ ಬಂದರು. ಅವತ್ತಿಂದ ಶೀಟಲ್ಲಿ 'ಕಳಿಸಿದೆ' ಅಂತ ಒಂದು ಕಾಲಂ. ಅದು ಖಾಲಿ ಇದ್ದರೆ ಮಾತ್ರ ಮೇಲ್ ಹೋಗುತ್ತೆ, ಹೋದ ಕೂಡಲೇ ತಾರೀಕು ಬೀಳುತ್ತೆ. ಪ್ರೆಸ್ಸಿನವರೇ, ಯಾವುದು ತಗೊಂಡರೂ ಈ ಕಾಲಂ ಮೊದಲು ಹಾಕಿ.
ಹುಬ್ಬಳ್ಳಿಯವರೇ, ರಿವರ್ಸ್ ಚಾರ್ಜ್ ಕಟ್ಟಿದ್ದಕ್ಕೆ ಐಟಿಸಿ (ಮುಂದೆ ಕಟ್ಟೋ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋ ಕ್ರೆಡಿಟ್) ಬರುತ್ತೆ. ಅದನ್ನ ಖರ್ಚು ಅಂತ ಬರೆದು ಹೊಸಬರನ್ನು ಹೆದರಿಸಬೇಡಿ.

ಹುಬ್ಬಳ್ಳಿ ಹಾರ್ಡ್‌ವೇರ್:
ಮೇಡಂ, ನಾ ಕಾಂಪೊಸಿಷನ್‌ದಾಗ (ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಸ್ಕೀಮ್) ಅದೀನಿ. ನಮಗ ಐಟಿಸಿ ಸಿಗಂಗಿಲ್ಲ. ಕೈಯಿಂದ ಹೋದ ರೊಕ್ಕ ಖರ್ಚಲ್ಲದ ಮತ್ತೇನ್ರಿ? ಕೇಳಿ ಆಮೇಲೆ ಹೇಳ್ರಿ.

ಮೈಸೂರು ಟ್ಯಾಕ್ಸ್:
ಕಾಂಪೊಸಿಷನ್ ಅಂತ ಮೊದಲೇ ಬರೆಯಬೇಕಿತ್ತು. ನಿಮ್ಮ ಲೆಕ್ಕ ಸರಿ, ಎಲ್ಲರ ಲೆಕ್ಕ ಅದಲ್ಲ.

ಉಡುಪಿ ಡಿಟಿಪಿ:
ಪ್ರೆಸ್ ಅಂದ ಮೇಲೆ ಅಕ್ಷರದ ವಿಚಾರ ಯಾರೂ ಎತ್ತಲೇ ಇಲ್ಲವಲ್ಲ ಮಾರಾಯ್ರೆ. ನನ್ನ ಮೊದಲ ಬಿಲ್ಲಲ್ಲಿ ಹೆಸರಿನ ಜಾಗಕ್ಕೆ ಬರೀ ಚೌಕಗಳು, ಸರ್ವರಿನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿದೆ. ಆಮೇಲೆ ಒತ್ತು ಕೂಡಲಿಲ್ಲ, 'ಲಕ್ಷ್ಮಿ' ಹೋಗಿ 'ಲಕ್‌ಷ್‌ಮಿ'. ಪಿಡಿಎಫ್ ಮಾಡುವ ಟೂಲನ್ನೇ ಬದಲಿಸಬೇಕಾಯ್ತು. ಇನ್ನು ನುಡಿ ಸಾಫ್ಟ್‌ವೇರಿನ ಆಸ್ಕಿಯಲ್ಲಿ (ಇಂಗ್ಲಿಷ್ ಅಕ್ಷರಗಳ ಕೋಡಿಗೇ ಕನ್ನಡ ಫಾಂಟ್ ಹೊದಿಸುವ ಹಳೇ ಪದ್ಧತಿ) ಟೈಪ್ ಮಾಡುವುದನ್ನು ನಿಲ್ಲಿಸಿ. ಅದನ್ನು ಶೀಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ರಾಶಿ.

ಸಾಗರದ ಪ್ರೆಸ್:
ನಮ್ಮ ಹುಡುಗ ನುಡಿಯಲ್ಲೇ ಮಾಡೋದು. ಹಳೇ ಪೇಜ್‌ಮೇಕರ್ ಫೈಲ್‌ಗಳೆಲ್ಲ ಅದರಲ್ಲೇ ಇವೆ, 15 ವರ್ಷದ್ದು. ನಿಲ್ಲಿಸಿ ಅಂದರೆ ಹೇಗೆ ಸಾರ್?

ಉಡುಪಿ ಡಿಟಿಪಿ:
ಫೈಲ್ ಇರಲಿ. ಗಿರಾಕಿ ಹೆಸರು ಮಾತ್ರ ಯೂನಿಕೋಡಿನಲ್ಲಿ (ಶೀಟಲ್ಲೂ ಕನ್ನಡವಾಗಿಯೇ ಉಳಿಯುವ ಕೋಡ್) ತಗೊಳ್ಳಿ. ನಾನೂ 15 ವರ್ಷ ಅಂತಲೇ ಹಟ ಹಿಡಿದು ಕೂತಿದ್ದೆ, ಒಂದು ಕಾರ್ಡಲ್ಲಿ ಮದುಮಗಳ ಹೆಸರು ಕೆಟ್ಟು 400 ಪ್ರತಿ ವಾಪಸ್ ಬಂತು.