ಪ್ರಶ್ನೋತ್ತರ: ಪಿಕಪ್ ಮೇಲೆ ಕ್ಯಾಂಪರ್ ಹೊರಲು ಯಾವ ಆಕ್ಸಲ್ ಗೇರ್?

ಅಡ್ಮಿನ್: ಅಮೆರಿಕದಲ್ಲಿರುವ ನಮ್ಮ ಬಳಗದವರಲ್ಲಿ ಸುಮಾರು ಜನ ಟ್ರಕ್ ಕ್ಯಾಂಪರ್ ಕೊಳ್ಳುತ್ತಿದ್ದೀರಿ. ಪಿಕಪ್‌ನ ಹಿಂದಿನ ತೊಟ್ಟಿಯಲ್ಲಿ ಕೂರಿಸುವ ಪುಟ್ಟ ಮನೆ ಅದು. ಇವತ್ತು ಉತ್ತರ ಕೊಡುವವರು ನಮ್ಮ ಮೆಕ್ಯಾನಿಕ್ ಅಣ್ಣ. ಹಾಸನದ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತವರು, ಈಗ ಯೂಟಾದಲ್ಲಿ ಡಿಫರೆನ್ಷಿಯಲ್, ಅಂದರೆ ಆಕ್ಸಲ್ ನಡುವಿನ ಗೇರುಗಳ ಕೆಲಸ ಮಾಡುತ್ತಾರೆ. ಕೇಳಿ.

ಫೀನಿಕ್ಸ್ ಸದಸ್ಯ: ನಮಸ್ಕಾರ ಅಣ್ಣ. ಹೊಸ ಮುಕ್ಕಾಲು ಟನ್ ಗ್ಯಾಸ್ ಟ್ರಕ್ ನೋಡುತ್ತಿದ್ದೇನೆ (ಟನ್ ಅನ್ನುವುದು ಇಲ್ಲಿ ಪಿಕಪ್ ದರ್ಜೆಯ ಹೆಸರು, ಗ್ಯಾಸ್ ಅಂದರೆ ಪೆಟ್ರೋಲ್). ಕ್ಯಾಂಪರ್ ಮಾತ್ರ, ಹಿಂದೆ ಟ್ರೇಲರ್ ಇಲ್ಲ. 3.73 ಒಳ್ಳೆಯದಾ, 4.10 ಒಳ್ಳೆಯದಾ?

ಮೆಕ್ಯಾನಿಕ್: ನಮಸ್ಕಾರ. ಊರಿನಲ್ಲಿ ಕ್ರೌನ್-ಪಿನಿಯನ್ ಅಂತೀವಲ್ಲ, ಅದರ ಹಲ್ಲಿನ ಲೆಕ್ಕ ಇದು. ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 11 ಇದ್ದರೆ 3.73. ಪಿನಿಯನ್‌ಗೆ 10 ಇದ್ದರೆ 4.10. ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. 4.10ರಲ್ಲಿ ಎಳೆತ 10 ಪರ್ಸೆಂಟ್ ಜಾಸ್ತಿ, ಎಂಜಿನ್ ಸುತ್ತೂ ಅಷ್ಟೇ ಜಾಸ್ತಿ. 32 ಇಂಚಿನ ಟೈರು, 65 ಮೈಲಿ ವೇಗ, ಟಾಪ್ ಗೇರಿನ ಅನುಪಾತ 0.64 ಅಂದುಕೊಳ್ಳಿ. 3.73ಕ್ಕೆ ಸುಮಾರು 1,630 ಆರ್‌ಪಿಎಂ, 4.10ಕ್ಕೆ ಸುಮಾರು 1,790. ಗೇರ್‌ಬಾಕ್ಸ್ 10 ಸ್ಪೀಡ್ ಆದರೆ 3.73 ಸಾಕು. 6 ಸ್ಪೀಡ್ ಆಗಿದ್ದು ಬೆಟ್ಟದ ಕಡೆಯೇ ಓಡಾಟ ಅಂದರೆ 4.10 ತೆಗೆದುಕೊಳ್ಳಿ.

ಡಲ್ಲಾಸ್ ಸದಸ್ಯ: ನನ್ನದು ಡೀಸೆಲ್. 3.42 ಸಾಕಾ, 3.73 ಬೇಕಾ?

ಮೆಕ್ಯಾನಿಕ್: ಬರೀ ಕ್ಯಾಂಪರ್‌ಗೆ ಎರಡೂ ಆಗುತ್ತದೆ. ಡೀಸೆಲ್ ಎಂಜಿನ್ನೇ ಭಾರ, ಪೇಲೋಡ್, ಅಂದರೆ ಟ್ರಕ್ ಹೊರಬಹುದಾದ ಭಾರ ನೋಡಿಕೊಳ್ಳಿ.

ಡೆನ್ವರ್ ಸದಸ್ಯ: ಅಣ್ಣ, ನನ್ನದು ಹಾಫ್ ಟನ್ ಪಿಕಪ್, 3.55 ಗೇರು, ಟರ್ಬೋ ಇಲ್ಲದ ವಿ8. ಹಳೇ ಕ್ಯಾಂಪರ್ ಕೊಂಡು ಮೊನ್ನೆ ಕೂರಿಸಿದೆ. ಖಾಲಿ ತೂಕ 2,150 ಪೌಂಡ್. ಬಾಗಿಲಿನ ಸ್ಟಿಕರ್‌ನಲ್ಲಿ ಪೇಲೋಡ್ 1,640 ಅಂತಿದೆ, ಆದರೆ ಬ್ರೋಷರ್‌ನಲ್ಲಿ 9,000 ಪೌಂಡ್ ಎಳೆಯುತ್ತದೆ ಅಂತಿದೆ. ಮುಂದಿನ ತಿಂಗಳು ಅಪ್ಪ-ಅಮ್ಮ ದಾವಣಗೆರೆಯಿಂದ ಬರುತ್ತಾರೆ. ಹೆಂಡತಿ, ಮಗಳು ಸೇರಿ ಐದು ಜನ ಐ-70 ಹೈವೇಯಲ್ಲಿ ಯೂಟಾ ಕಡೆ ಹೊರಟಿದ್ದೇವೆ. 4.10 ಹಾಕಿಸಿದರೆ ಘಾಟಿ ಹತ್ತುತ್ತದಲ್ವಾ? ಫೋಟೋ ಹಾಕಿದ್ದೇನೆ.

ಮೆಕ್ಯಾನಿಕ್: ಗೇರ್ ವಿಷಯ ಪಕ್ಕಕ್ಕಿಡಿ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂದಿನ ಟೈರು ನೆಲಕ್ಕೆ ಒತ್ತಿಕೊಂಡು ಪಕ್ಕಕ್ಕೆ ಉಬ್ಬಿದೆ. ಮುಂದಿನ ಫೆಂಡರ್ ಮೇಲೆದ್ದಿದೆ. ರಾತ್ರಿ ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ಮೇಲೆ ಬೀಳುತ್ತಿರಬೇಕು. ಸ್ಟಿಯರಿಂಗ್ ಹಗುರ ಅನಿಸಿತಾ?

ಎಳೆಯುವುದು ಬೇರೆ, ಹೊರುವುದು ಬೇರೆ. ಗಾಡಿಗೆ ಕಟ್ಟಿದ ಎತ್ತು ಹತ್ತು ಮೂಟೆ ಎಳೆಯುತ್ತದೆ. ಅದೇ ಹತ್ತು ಮೂಟೆ ಬೆನ್ನಿಗೆ ಹೇರಿದರೆ? 9,000 ಅನ್ನುವುದು ಟ್ರೇಲರ್‌ಗೆ. ಕ್ಯಾಂಪರ್ ಕೂರುವುದು ಬೆನ್ನ ಮೇಲೆ, ಅದಕ್ಕೆ ಲೆಕ್ಕ 1,640. ಅದರಲ್ಲೇ ಡ್ರೈವರ್ ಸೇರಿ ಜನರೂ ಬರಬೇಕು.

ಕೂಡಿಸೋಣ. ಕ್ಯಾಂಪರ್ 2,150. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್, 30 ಗ್ಯಾಲನ್ ಅಂದರೆ 250. ಎರಡು ಪ್ರೊಪೇನ್ ಸಿಲಿಂಡರ್ 75, ಬ್ಯಾಟರಿ 65. ಬಟ್ಟೆ, ಪಾತ್ರೆ, ಅಕ್ಕಿ, ಹಾಸಿಗೆ 300. ಐದು ಜನ 700. ಒಟ್ಟು 3,540. ಸ್ಟಿಕರ್‌ನ ಎರಡರಷ್ಟಕ್ಕಿಂತ ಜಾಸ್ತಿ. ಕ್ರೌನ್-ಪಿನಿಯನ್ ಬದಲಾಯಿಸಿದರೆ ಟೈರು, ಸ್ಪ್ರಿಂಗು, ಬ್ರೇಕು, ಹಬ್ ಬೇರಿಂಗು ಬದಲಾಗುತ್ತದಾ? ಪೇಲೋಡ್ ಒಂದು ಪೌಂಡೂ ಏರುವುದಿಲ್ಲ.

ಇನ್ನೊಂದು. ಕ್ಯಾಂಪರ್ ಪಕ್ಕದಲ್ಲಿ ತೂಕದ ನಡುಬಿಂದುವಿನ ಗುರುತು ಇರುತ್ತದೆ. ಅದು ಹಿಂದಿನ ಆಕ್ಸಲ್‌ಗಿಂತ ಮುಂದೆ ಇರಬೇಕು. ನಿಮ್ಮದು ಗಿಡ್ಡ ತೊಟ್ಟಿ, ಗುರುತು ಆಕ್ಸಲ್ ದಾಟಿ ಹಿಂದೆ ಹೋಗಿದೆ. ಅದಕ್ಕೇ ಮುಂಭಾಗ ಎದ್ದಿರುವುದು.

ನಿಮ್ಮ ದಾರಿಯಲ್ಲಿರುವ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಹತ್ತಲು ಒದ್ದಾಡುತ್ತದೆ, ಅದು ದೊಡ್ಡ ವಿಷಯ ಅಲ್ಲ. ನನಗೆ ಭಯ ಇಳಿಜಾರಿನದು. ಸುರಂಗದ ಆಚೆ 7 ಪರ್ಸೆಂಟ್ ಇಳಿಜಾರು ಮೈಲಿಗಟ್ಟಲೆ ಇದೆ. ಮೊದಲು ಟ್ರಕ್ ಸ್ಟಾಪ್‌ನ ವೇಬ್ರಿಡ್ಜ್‌ನಲ್ಲಿ ತೂಗಿಸಿ, ಆಕ್ಸಲ್ ಬೇರೆ ಬೇರೆಯಾಗಿ. ಸಂಖ್ಯೆ ಇಲ್ಲಿ ಹಾಕಿ.

ಸಿಯಾಟಲ್ ಸದಸ್ಯೆ: ಅಣ್ಣ, ಡಿಫರೆನ್ಷಿಯಲ್‌ಗೆ ಯಾವ ಆಯಿಲ್ ಒಳ್ಳೆಯದು?

ಸ್ಯಾನ್ ಹೋಸೆ ಸದಸ್ಯ: ಇದು ಇನ್ನೊಂದು ಗ್ರೂಪ್‌ನಿಂದ ಫಾರ್ವರ್ಡ್ ಬಂತು. “ಏರ್‌ಬ್ಯಾಗ್ ಹಾಕಿಸಿದರೆ ಪೇಲೋಡ್ 5,000 ಪೌಂಡ್ ಜಾಸ್ತಿ ಆಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಗೇರ್‌ಬಾಕ್ಸ್ ತಣ್ಣಗಿರುತ್ತದೆ.” ಡೆನ್ವರ್‌ನವರಿಗೆ ಉಪಯೋಗ ಆಗಬಹುದು.

ಮೆಕ್ಯಾನಿಕ್: ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಇಲ್ಲಿ ಏರ್‌ಬ್ಯಾಗ್ ಅಂದರೆ ಹಿಂದಿನ ಸ್ಪ್ರಿಂಗಿಗೆ ಜೊತೆಯಾಗಿ ಹಾಕುವ ಗಾಳಿ ಚೀಲ. ಅದು ಗಾಡಿಯನ್ನು ಸಮಕ್ಕೆ ಎತ್ತುತ್ತದೆ, ಅಷ್ಟೇ. ಆಕ್ಸಲ್ ಮೇಲಿನ ಭಾರ ಅಷ್ಟೇ ಇರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಯುವುದು ಸಾವಿನ ದಾರಿ. ಹಾಗೆ ಇಳಿದ ಗಾಡಿಯೊಂದು ನನ್ನ ಹತ್ತಿರ ಬಂದಿತ್ತು. ಬ್ರೇಕ್ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿತ್ತು, ಪ್ಯಾಡ್ ಗಾಜಿನ ಹಾಗೆ ಹೊಳೆಯುತ್ತಿತ್ತು. ಹತ್ತಿದ ಗೇರಿನಲ್ಲೇ ಇಳಿಯಬೇಕು. ಶಿರಾಡಿ ಘಾಟಿಯಲ್ಲಿ ಲಾರಿ ಡ್ರೈವರ್‌ಗಳು ಕಲಿಸಿದ ಮೊದಲ ಪಾಠ ಇದು. ಟೋ-ಹಾಲ್ (ಭಾರ ಇದ್ದಾಗ ಬಳಸುವ ಗೇರ್‌ಬಾಕ್ಸ್ ಮೋಡ್) ಹಾಕಿ, ಗೇರ್ ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ.

ಸ್ಯಾನ್ ಹೋಸೆ ಸದಸ್ಯ: ಒಳ್ಳೆಯದಕ್ಕೇ ಹಾಕಿದ್ದು ಸರ್.

ಡಲ್ಲಾಸ್ ಸದಸ್ಯ: ಸುಮ್ನೆ ಹೆದರಿಸುತ್ತೀರಿ ಅನಿಸುತ್ತದೆ. ನಮ್ಮೂರಲ್ಲಿ ಸಣ್ಣ ಟೆಂಪೋಗೆ ಎರಡು ಟನ್ ಕಬ್ಬು ಹೇರುತ್ತಾರೆ, ಓಡುತ್ತದಲ್ವಾ?

ಫೀನಿಕ್ಸ್ ಸದಸ್ಯ: ಆ ಟೆಂಪೋ ಗಂಟೆಗೆ ಇಪ್ಪತ್ತು ಮೈಲಿ ಹೋಗುತ್ತದೆ. ಇಲ್ಲಿ 65ರಲ್ಲಿ ಟೈರ್ ಸಿಡಿದರೆ ಅವರ ಅಪ್ಪ-ಅಮ್ಮ ಒಳಗಿರುತ್ತಾರೆ.

ಡಲ್ಲಾಸ್ ಸದಸ್ಯ: ಕಂಪನಿಯವರು ಸ್ಟಿಕರ್‌ನಲ್ಲಿ ಕಡಿಮೆ ಬರೆದಿರುತ್ತಾರೆ. ಎಲ್ಲರಿಗೂ ಗೊತ್ತು.

ಫೀನಿಕ್ಸ್ ಸದಸ್ಯ: ಯಾರಿಗೆ ಗೊತ್ತು? ಗೊತ್ತಿಲ್ಲದ್ದನ್ನು ಇನ್ನೊಬ್ಬರ ಜೀವದ ಮೇಲೆ ಹೇಳಬೇಡಿ.

ಡಲ್ಲಾಸ್ ಸದಸ್ಯ: ಮಾತು ನೋಡಿಕೊಂಡು ಆಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಪ್ರಶ್ನೆ ಇದ್ದವರು ಕೇಳಿ.

ಬಾಯ್ಸಿ ಸದಸ್ಯ: ಒಂದು ಟನ್ ಗ್ಯಾಸ್, 4x4, 3.73. ಮೊದಲು 32 ಇಂಚಿನ ಟೈರು ಇತ್ತು, ಈಗ 35 ಹಾಕಿಸಿದ್ದೇನೆ. ಕ್ಯಾಂಪರ್ ಪೇಲೋಡ್ ಒಳಗೇ ಇದೆ, ತೂಗಿಸಿದ್ದೇನೆ. ಆದರೂ ಏರಿನಲ್ಲಿ ಗೇರು ಮೇಲೆ ಕೆಳಗೆ ಹುಡುಕಾಡುತ್ತಲೇ ಇರುತ್ತದೆ.

ಮೆಕ್ಯಾನಿಕ್: ತೂಗಿಸಿ ಬಂದಿದ್ದೀರಿ, ಖುಷಿಯಾಯಿತು. ಗೇರ್ ಬದಲಾಯಿಸಬೇಕಾದ ಗಾಡಿ ನಿಮ್ಮದೇ. ಟೈರು ದೊಡ್ಡದಾದಾಗ 3.73 ಈಗ 3.41ರ ಹಾಗೆ ಕೆಲಸ ಮಾಡುತ್ತಿದೆ. 4.10 ಹಾಕಿದರೆ 3.75ರಷ್ಟಕ್ಕೆ, ಅಂದರೆ ಮೊದಲಿದ್ದ ಜಾಗಕ್ಕೇ ಬರುತ್ತದೆ. 4x4, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಆದ್ದರಿಂದ ಮುಂದಿನ ಆಕ್ಸಲ್‌ಗೂ ಅದೇ ಹಾಕಬೇಕು. ಹಲ್ಲಿಗೆ ಬಣ್ಣ ಹಚ್ಚಿ ಹಲ್ಲು ಎಲ್ಲಿ ಕೂರುತ್ತದೆ ಅಂತ ನಿಮ್ಮೆದುರೇ ತೋರಿಸುವವರಿಗೇ ಕೆಲಸ ಕೊಡಿ. ಮೊದಲ 500 ಮೈಲಿ ಭಾರ ಬೇಡ, ಆಮೇಲೆ ಆಯಿಲ್ ಬದಲಾಯಿಸಿ. ಸ್ಪೀಡೋಮೀಟರ್ ಪ್ರೋಗ್ರಾಂ ಮಾಡಿಸುವುದು ಮರೆಯಬೇಡಿ.

ಆಸ್ಟಿನ್ ಸದಸ್ಯ: 3.73 ಒಳ್ಳೆಯದಾ, 4.10 ಒಳ್ಳೆಯದಾ?

ಮೆಕ್ಯಾನಿಕ್: ಮೇಲೆ ಓದಿ.

ಟ್ಯಾಂಪಾ ಸದಸ್ಯ: ನನ್ನ ಗಾಡಿಯಲ್ಲಿ ಯಾವುದಿದೆ ಅಂತ ತಿಳಿಯುವುದು ಹೇಗೆ? 2012ರ ಷೆವಿ (ಷೆವ್ರೊಲೆ) ಪಿಕಪ್.

ಮೆಕ್ಯಾನಿಕ್: ಗ್ಲೌ ಬಾಕ್ಸ್ ಸ್ಟಿಕರ್ ನೋಡಿ. ಜಿಯು6 ಅಂದರೆ 3.42, ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10.

ಸಿಯಾಟಲ್ ಸದಸ್ಯೆ: ಆಯಿಲ್ ಬಗ್ಗೆ ಕೇಳಿದ್ದೆ. ಎಲೆಕ್ಟ್ರಿಕ್ ಪಿಕಪ್ ಬಗ್ಗೆಯೂ ತಿಳಿಸಿ.

ಆಸ್ಟಿನ್ ಸದಸ್ಯ: ಓದಿದೆ. ಆದರೂ ಒಂದೇ ಮಾತಲ್ಲಿ ಯಾವುದು ಅಂತ ಹೇಳಬಾರದಾ?

ಮೆಕ್ಯಾನಿಕ್: ಎಂಜಿನ್ ಹೇಳಿಲ್ಲ, ಟೈರ್ ಹೇಳಿಲ್ಲ, ಕ್ಯಾಂಪರ್ ತೂಕ ಹೇಳಿಲ್ಲ. ಏನಂತ ಹೇಳಲಿ?

ಡೆನ್ವರ್ ಸದಸ್ಯ: ಅಣ್ಣ, ತೂಗಿಸಿ ಬಂದೆ. ನಾನೊಬ್ಬನೇ ಇದ್ದೆ, ನೀರಿನ ಟ್ಯಾಂಕ್ ಖಾಲಿ. ಮುಂದಿನ ಆಕ್ಸಲ್ 3,040, ಹಿಂದಿನದು 4,840, ಒಟ್ಟು 7,880. ಬಾಗಿಲಿನ ಸ್ಟಿಕರ್‌ನಲ್ಲಿ ಹಿಂದಿನ ಆಕ್ಸಲ್‌ಗೆ 4,050, ಒಟ್ಟು 6,900 ಅಂತಿದೆ.

ಮೆಕ್ಯಾನಿಕ್: ಹಿಂದೆ 790 ಮೀರಿದೆ, ಒಟ್ಟು 980. ಅದೂ ನಾಲ್ಕು ಜನ ಇನ್ನೂ ಹತ್ತದೆ. ನಿಧಾನಕ್ಕೆ, ಹೈವೇ ಬಿಟ್ಟು ಮನೆಗೆ ಹೋಗಿ. ಕ್ಯಾಂಪರ್ ಜಾಕ್ ಮೇಲೆ ಇಳಿಸಿ. 4.10ಕ್ಕೆ ಕೊಡಬೇಕಿದ್ದ ದುಡ್ಡು ಹಾಗೇ ಇರಲಿ. ಈ ಸಲ ಅಪ್ಪ-ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಹೋಟೆಲ್ ಹಿಡಿಯಿರಿ.

ಡೆನ್ವರ್ ಸದಸ್ಯ: ಕ್ಯಾಂಪರ್ ಮಾರಬೇಕಾ ಅಣ್ಣ?

ಮೆಕ್ಯಾನಿಕ್: ಇಟ್ಟುಕೊಳ್ಳುವುದಾದರೆ ಉದ್ದ ತೊಟ್ಟಿಯ ಒಂದು ಟನ್ ಟ್ರಕ್ ಬೇಕು. ಕೊಳ್ಳುವ ಮೊದಲು ಅದರ ಬಾಗಿಲಿನ ಸ್ಟಿಕರ್ ಫೋಟೋ ನನಗೆ ಕಳಿಸಿ. ಮನೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ.

ಡೆನ್ವರ್ ಸದಸ್ಯ: ಮುಟ್ಟಿದೆ. ಇಳಿಸುತ್ತಿದ್ದೇನೆ.