ವರ್ಷಕ್ಕೊಮ್ಮೆಯ ಶ್ರಮದಾನವಲ್ಲದೆ, ದಿನನಿತ್ಯ ಊರಿಗಾಗಿ ಏನು ಮಾಡಬಹುದು?

ಪ್ರಶ್ನೆ (ನಾಪೋಕ್ಲು):
ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಕಳೆದ ವರ್ಷ ಕೊಡಗಿನ ನಾಪೋಕ್ಲು ಸಮೀಪದ ನಮ್ಮ ತೋಟಕ್ಕೆ ಮರಳಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಾನು ಊರಿನಲ್ಲಿರಲಿಲ್ಲ. ರಸ್ತೆಯೂ ಇಲ್ಲದೆ ಕರೆಂಟೂ ಇಲ್ಲದೆ ಇಬ್ಬರೇ ಉಳಿದಿದ್ದ ನನ್ನ ತಂದೆ-ತಾಯಿಯನ್ನು ಕರೆದೊಯ್ದು, ಮಳೆ ನಿಲ್ಲುವವರೆಗೆ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವರು ನೆರೆಯವರು. ಆ ಋಣ ನನ್ನ ಮೇಲಿದೆ. ದೊಡ್ಡ ಮೊತ್ತ ಕೊಡುವ ಸ್ಥಿತಿಯಲ್ಲಿ ನಾನಿಲ್ಲ. ಸಂಜೆ ಒಂದೂವರೆ ಗಂಟೆಯ ಬಿಡುವು, ಒಂದು ಸ್ಕೂಟರ್, ಒಂದು ಮೊಬೈಲ್ ಇವೆ. ಶ್ರಮದಾನ ನಡೆದಾಗ ತಪ್ಪದೆ ಹೋಗುತ್ತೇನೆ, ಆದರೆ ಅದು ವರ್ಷಕ್ಕೆ ಒಂದೆರಡು ದಿನದ ಮಾತು. ಉಳಿದ ದಿನಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಯಾವುದೆಂದು ಅನುಭವವುಳ್ಳವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ವಿರಾಜಪೇಟೆ):
ನಿಮ್ಮ ಮೊಬೈಲ್ ಒಂದೇ ಸಾಕು. ನಮ್ಮ ಜಿಲ್ಲೆಯಲ್ಲಿ ಸೈನ್ಯದಿಂದ ನಿವೃತ್ತರಾದವರು ಎಷ್ಟು ಮಂದಿ ಇದ್ದಾರೆಂಬುದು ನಿಮಗೆ ತಿಳಿದದ್ದೇ. ಮಕ್ಕಳು ಬೆಂಗಳೂರು, ಮೈಸೂರು ಸೇರಿದ ಮೇಲೆ ಅವರಲ್ಲಿ ಅನೇಕರು, ಇಲ್ಲವೇ ಅವರ ಪತ್ನಿಯರು, ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಪಿಂಚಣಿ ನಿಲ್ಲದಿರಬೇಕಾದರೆ ಅವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಲೇಬೇಕು. ಬಹುಪಾಲು ಪಿಂಚಣಿದಾರರು ಅದಕ್ಕೆ ಹೊರಡುವುದು ನವೆಂಬರ್‌ನಲ್ಲಿ, ಅಂದರೆ ಕಾಫಿ ಕುಯ್ಲು ಆರಂಭವಾಗಿ ಯಾರಿಗೂ ಬಿಡುವಿಲ್ಲದ ಹೊತ್ತಿಗೇ. ನನ್ನ ತಂದೆಯೂ ಮಾಜಿ ಸೈನಿಕರಾಗಿದ್ದರು. ಅವರ ಕೊನೆಯ ವರ್ಷಗಳಲ್ಲಿ ಒಮ್ಮೆ ಕೌಂಟರಿನ ಮುಂದೆ ಅವರ ಹೆಬ್ಬೆರಳನ್ನು ಆರು ಬಾರಿ ಒತ್ತಿಸಿದರೂ ಯಂತ್ರ ಗುರುತಿಸಲಿಲ್ಲ. ಜೀವನವಿಡೀ ಕತ್ತಿ, ಗುದ್ದಲಿ ಹಿಡಿದ ಬೆರಳಿನಲ್ಲಿ ಗೆರೆಗಳೇ ಸವೆದುಹೋಗಿದ್ದವು. ‘ನಾನು ಬದುಕಿದ್ದೇನೆಂದು ಇನ್ನು ಹೇಗೆ ತೋರಿಸಲಿ?’ ಎಂದು ಅವರು ಬಸ್ಸಿನಲ್ಲಿ ಕೇಳಿದ್ದನ್ನು ನಾನು ಮರೆತಿಲ್ಲ.

ಈಗ ಬೆರಳಚ್ಚು ಬೇಕಾಗಿಲ್ಲ, ಮುಖ ಗುರುತಿಸುವ ವಿಧಾನ ಬಂದಿದೆ. ನಿಮ್ಮ ಮೊಬೈಲಿನಲ್ಲಿ ಜೀವನ್ ಪ್ರಮಾಣ್ ಆ್ಯಪ್ ಹಾಗೂ ಆಧಾರ್ ಫೇಸ್ ಆರ್‌ಡಿ ಎಂಬ ಇನ್ನೊಂದು ಆ್ಯಪ್ ಹಾಕಿಕೊಂಡು, ಮೊದಲು ನಿಮ್ಮ ಆಧಾರ್‌ನಿಂದ ನೋಂದಾಯಿಸಿಕೊಂಡರೆ, ಅದೇ ಮೊಬೈಲಿನಿಂದ ಎಷ್ಟು ಹಿರಿಯರಿಗಾದರೂ ಮಾಡಿಕೊಡಬಹುದು. ಅವರ ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಒಟಿಪಿ ಬರುವ ಫೋನ್ ಕೈಯಲ್ಲಿರಲಿ. ಪಿಂಚಣಿಯು ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುತ್ತಿದ್ದರೆ, ಪಿಂಚಣಿ ವಿತರಿಸುವವರು ಎಂಬಲ್ಲಿ ಬ್ಯಾಂಕನ್ನಲ್ಲ, ಸ್ಪರ್ಶ್ ಎಂಬುದನ್ನೇ ಆರಿಸಬೇಕು; ಇಲ್ಲವಾದರೆ ಅರ್ಜಿ ತಿರಸ್ಕೃತವಾಗಬಹುದು. ಕೆಲಸ ಮುಗಿದ ಮೇಲೆ ಅವರ ದಾಖಲೆಗಳ ಒಂದು ಫೋಟೋ ಕೂಡ ನಿಮ್ಮ ಮೊಬೈಲಿನಲ್ಲಿ ಉಳಿಯಬಾರದು. ಈ ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ.

ಉತ್ತರ 2 (ಮಡಿಕೇರಿ):
ರಕ್ತದಾನವನ್ನೂ ಶಿಬಿರದ ದಿನಕ್ಕೆ ಮೀಸಲಿಡಬೇಡಿ. ಕೆಂಪು ರಕ್ತಕಣಗಳು ಸುಮಾರು 42 ದಿನ, ಪ್ಲೇಟ್‌ಲೆಟ್‌ಗಳು 5 ದಿನ ಮಾತ್ರ ಉಳಿಯುವುದರಿಂದ, ಒಂದೇ ದಿನ ನೂರು ಜನ ಕೊಡುವುದಕ್ಕಿಂತ ವಾರ ವಾರವೂ ಕೆಲವರು ಕೊಡುವುದು ಹೆಚ್ಚು ಪ್ರಯೋಜನಕಾರಿ. ಆರೋಗ್ಯವಂತ ಪುರುಷರು 90 ದಿನಗಳಿಗೊಮ್ಮೆ, ಮಹಿಳೆಯರು 120 ದಿನಗಳಿಗೊಮ್ಮೆ ಕೊಡಬಹುದು. ನಾನು ಗೊಬ್ಬರ ಹಾಕುವ ದಿನ ಬರೆದಿಡುವ ಕ್ಯಾಲೆಂಡರಿನಲ್ಲೇ ಇದನ್ನೂ ಗುರುತು ಹಾಕಿಕೊಳ್ಳುತ್ತೇನೆ.

ಉತ್ತರ 3 (ಸಿದ್ದಾಪುರ):
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನೆರೆಯವರು ಎಂದಾಗ ನಮ್ಮ ತೋಟದ ಲೈನ್ ಮನೆಗಳು, ಅಂದರೆ ಕಾರ್ಮಿಕರ ಸಾಲು ಮನೆಗಳು, ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ. ಎರವ ಮತ್ತು ಜೇನುಕುರುಬ ಬುಡಕಟ್ಟುಗಳ ಮಕ್ಕಳು ಮನೆಯಲ್ಲಿ ತಮ್ಮದೇ ನುಡಿಯಾಡಿ, ಶಾಲೆಯಲ್ಲಿ ಕನ್ನಡ ಪಠ್ಯದ ಮುಂದೆ ಕೂರುತ್ತಾರೆ. ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳ ಪಾಡೂ ಅದೇ. ಸಂಜೆ ನಮ್ಮ ಕಣದ ಅಂಚಿನಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಪಾಠವನ್ನು ಗಟ್ಟಿಯಾಗಿ ಓದಿಸುತ್ತೇನೆ, ಅಷ್ಟೇ. ಮೂರನೇ ತರಗತಿಯ ಹುಡುಗಿಯೊಬ್ಬಳು ‘ಲ’ಕ್ಕೂ ‘ಳ’ಕ್ಕೂ ವ್ಯತ್ಯಾಸ ತಿಳಿದ ದಿನ, ಒಣಹಾಕಿದ್ದ ಕಾಫಿಯ ಮೇಲೆಲ್ಲ ಬೆರಳಿನಿಂದ ‘ಳ’ ಬರೆದಿಟ್ಟಿದ್ದಳು. ಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರಲಿ, ಆನೆ ಓಡಾಡುವ ದಾರಿಯಾದರೆ ನೀವೇ ಬಿಟ್ಟುಬನ್ನಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ನಮ್ಮ ಮೇಲಿನ ಮನೆಯ ತಾತನಿಗೆ ಎಂಬತ್ತಮೂರು ವರ್ಷ; 2018ರಲ್ಲಿ ನನ್ನ ತಂದೆ-ತಾಯಿಯನ್ನು ಕರೆದೊಯ್ದವರು ಅವರೇ. ಜೀವಿತ ಪ್ರಮಾಣಪತ್ರದ ಕೆಲಸವನ್ನು ಈ ಭಾನುವಾರ ಅವರಿಂದಲೇ ಆರಂಭಿಸುತ್ತೇನೆ. ಆದರೆ ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಏನು ಮಾಡಲಿ?

ಉತ್ತರ 1 (ವಿರಾಜಪೇಟೆ):
ಎಂಬತ್ತು ದಾಟಿದ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಸಲ್ಲಿಸುವ ಅವಕಾಶ ಕೊಟ್ಟಿದ್ದಾರೆ, ಆದ್ದರಿಂದ ಅವಸರ ಬೇಡ; ಅವರ ಹಿಂದಿನ ಪ್ರಮಾಣಪತ್ರದ ದಿನಾಂಕವನ್ನು ಮೊದಲು ನೋಡಿಕೊಳ್ಳಿ. ಮಳೆಯಿಲ್ಲದ ಬೆಳಿಗ್ಗೆ ನೆಟ್‌ವರ್ಕ್ ಸಿಗುವ ಕಡೆಗೆ ಕರೆದೊಯ್ದು, ಬೆಳಕು ಮುಖದ ಮೇಲೆ ಬೀಳುವಂತೆ ಕುರ್ಚಿ ಹಾಕಿ ಕೂರಿಸಿ, ಕನ್ನಡಕ ತೆಗೆಸಿ. ಕಣ್ಣು ಮಿಟುಕಿಸಿ ಎಂದು ನಿಧಾನವಾಗಿ, ಗಟ್ಟಿಯಾಗಿ ಹೇಳಿ.